ಬ್ಯಾಂಕಿನಿಂದ ಪಾರ್ಲಿಮೆಂಟಿಗೆ ಹೋಗಬೇಕೆಂದರೆ ಸಾಜಿದ್ ಜಾವಿದ್ ಅವರನ್ನು ನೋಡಿ

ನಿಮ್ಮ ಪ್ರಶ್ನೆ ಓದಿದೆ. ಲಂಡನ್ನಿಗೆ ಈಗಷ್ಟೇ ಬಂದಿದ್ದೀರಿ, ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಕೆಲಸ, ರಾಜಕೀಯದ ಮೇಲೆ ಆಸೆ. ಹದಿನೈದು ವರ್ಷ ಚೆನ್ನಾಗಿ ದುಡಿದು, ಆಮೇಲೆ ರಿಷಿ ಸುನಕ್ ತರ ಹೋಗಬಹುದಾ ಅಂತ ಕೇಳಿದ್ದೀರಿ. ಬೆಂಗಳೂರಿನ ಅಳಿಯ ಅಲ್ವಾ, ನಮ್ಮವರಿಗೆ ಮೊದಲು ನೆನಪಾಗುವುದು ಅವರೇ. ಆದರೆ ನೀವು ನೋಡಬೇಕಾದ್ದು ಬ್ರಿಟನ್ನಿನ ಮಾಜಿ ಹಣಕಾಸು ಸಚಿವ ಸಾಜಿದ್ ಜಾವಿದ್ ಅವರನ್ನು.

ಅವರ ಅಪ್ಪ ಪಾಕಿಸ್ತಾನದಿಂದ ಬಂದು ರಾಚ್‌ಡೇಲ್‌ನಲ್ಲಿ ಬಸ್ ಓಡಿಸಿದವರು. ಆಮೇಲೆ ಬ್ರಿಸ್ಟಲ್‌ನಲ್ಲಿ ಅಂಗಡಿ, ಅದರ ಮೇಲೆಯೇ ಮನೆ. ಜಾವಿದ್ ಎಕ್ಸೆಟರ್‌ನಲ್ಲಿ ಓದುವಾಗಲೇ ಕನ್ಸರ್ವೇಟಿವ್ ಪಕ್ಷಕ್ಕೆ ಓಡಾಡುತ್ತಿದ್ದರು. 1990ರ ಪಕ್ಷದ ಸಮ್ಮೇಳನದಲ್ಲಿ, ಪೌಂಡನ್ನು ಯುರೋಪಿನ ವಿನಿಮಯ ದರ ವ್ಯವಸ್ಥೆಗೆ (ಅಲ್ಲಿನ ಕರೆನ್ಸಿಗಳ ಬೆಲೆ ಹೆಚ್ಚು ಏರಿಳಿಯದಂತೆ ಕಟ್ಟಿಹಾಕುವ ಒಪ್ಪಂದ) ಸೇರಿಸಿದ್ದು ತಪ್ಪು ಎಂದು ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ಪ್ರಚಾರ ಮಾಡಿದರು. ಬ್ಯಾಂಕು ಬಂದದ್ದು ಅದಾದ ಮೇಲೆ: ಚೇಸ್ ಮ್ಯಾನ್‌ಹಟನ್‌ನಲ್ಲಿ 25ನೇ ವಯಸ್ಸಿಗೇ ವೈಸ್ ಪ್ರೆಸಿಡೆಂಟ್, ನಂತರ ಡಾಯ್ಚ ಬ್ಯಾಂಕ್. 2009ರಲ್ಲಿ ದೊಡ್ಡ ಸಂಬಳ ಬಿಟ್ಟರು, 2010ರಲ್ಲಿ ಬ್ರಾಮ್ಸ್‌ಗ್ರೋವ್ ಸಂಸದರಾದರು.

ಅಂದರೆ ದುಡ್ಡು ಮಾಡಿಕೊಂಡು ಆಮೇಲೆ ರಾಜಕೀಯಕ್ಕೆ ಬಂದವರಲ್ಲ ಅವರು. ರಾಜಕೀಯವೇ ಮೊದಲು ಇತ್ತು. ಹದಿನೈದು ವರ್ಷ ಕಾಯುವ ನಿಮ್ಮ ಲೆಕ್ಕ ನನಗೆ ಸರಿ ಕಾಣದಿರುವುದು ಇದಕ್ಕೇ.

ಅಧಿಕಾರ ಸಿಕ್ಕಾಗ ಏನು ಮಾಡಿದರು ಅಂದರೆ, 2018ರಲ್ಲಿ ಗೃಹ ಸಚಿವರಾಗಿ ಡಾಕ್ಟರ್, ನರ್ಸ್‌ಗಳನ್ನು ಕೆಲಸದ ವೀಸಾಗಳ ಸಂಖ್ಯೆಗಿದ್ದ ಮಿತಿಯಿಂದ ಹೊರಗಿಟ್ಟರು. ಕೆಲಸದ ಪತ್ರ ಕೈಯಲ್ಲಿದ್ದೂ ವೀಸಾ ಸಿಗದೆ ಕೂತಿದ್ದ ಭಾರತದ ಡಾಕ್ಟರುಗಳಿಗೆ ಅದು ಎಷ್ಟು ದೊಡ್ಡ ವಿಷಯ ಗೊತ್ತಾ? 2019ರಲ್ಲಿ ಹಣಕಾಸು ಸಚಿವರಾದರು. 2020ರ ಫೆಬ್ರವರಿಯಲ್ಲಿ, ನಿಮ್ಮ ಸಲಹೆಗಾರರನ್ನೆಲ್ಲ ತೆಗೆಯಿರಿ ಎಂದು ಪ್ರಧಾನಿ ಷರತ್ತು ಹಾಕಿದಾಗ ಒಪ್ಪದೆ ರಾಜೀನಾಮೆ ಕೊಟ್ಟರು. ಆ ಕುರ್ಚಿಗೆ ಬಂದವರೇ ಸುನಕ್. ನನಗೆ ಜಾವಿದ್ ಮೇಲೆ ಗೌರವ ಹೆಚ್ಚಾದದ್ದು ಆ ದಿನ.

ಇನ್ನೊಂದು ಮಾತು, ಇದು ತೆರಿಗೆಯದ್ದು. ಬ್ಯಾಂಕಿನಲ್ಲಿದ್ದಾಗ ಆರು ವರ್ಷ ನಾನ್-ಡಾಮ್ (ಶಾಶ್ವತ ನೆಲೆ ಬೇರೆ ದೇಶದಲ್ಲಿದೆ ಎಂದು ತೋರಿಸಿ, ಹೊರದೇಶದ ಆದಾಯಕ್ಕೆ ಬ್ರಿಟನ್ನಿನಲ್ಲಿ ತೆರಿಗೆ ಉಳಿಸಬಹುದಾಗಿದ್ದವರು) ಆಗಿದ್ದೆ ಎಂದು 2022ರಲ್ಲಿ ಅವರು ಹೇಳಬೇಕಾಗಿ ಬಂತು. ಕಾನೂನಿನ ಪ್ರಕಾರ ತಪ್ಪಿರಲಿಲ್ಲ, ಆದರೂ ಜನ ಕೇಳಿದರು. ಸುನಕ್ ಅವರ ಪತ್ನಿ ಅಕ್ಷತಾ ಮೂರ್ತಿ ಅವರೂ ನಾನ್-ಡಾಮ್ ಎಂಬ ವಿಷಯ ಪತ್ರಿಕೆಗಳಲ್ಲಿ ಬಂದದ್ದೂ ಅದೇ ಹೊತ್ತಿಗೆ. ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲದಕ್ಕೂ ಇವತ್ತಿನಿಂದಲೇ ಸರಿಯಾದ ಕಾಗದಪತ್ರ ಇಟ್ಟುಕೊಳ್ಳಿ.

ನಿಮಗೆ ಗೊತ್ತಿರಲಿಕ್ಕಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದರೂ ಇಲ್ಲಿ ನೀವು ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಅಭ್ಯರ್ಥಿಯಾಗಿ ನಿಲ್ಲಲು ಐಎಲ್‌ಆರ್ (ಕಾಲಮಿತಿ ಇಲ್ಲದೆ ಇಲ್ಲಿ ನೆಲೆಸುವ ಅನುಮತಿ) ಬೇಕು, ಪೌರತ್ವ ಕಡ್ಡಾಯವಲ್ಲ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಆಮೇಲೆ ನಿಮ್ಮ ವಾರ್ಡಿನಲ್ಲಿ ನಿಮಗೆ ಒಪ್ಪುವ ಪಕ್ಷದವರ ಜೊತೆ ಶನಿವಾರ ಮನೆಮನೆಗೆ ಹೋಗಿ. ಅದಕ್ಕೂ ಮುಂಚೆ ಬ್ಯಾಂಕಿನ ಕಂಪ್ಲಯನ್ಸ್‌ನವರಿಗೆ (ನಿಯಮ ಪಾಲನೆ ನೋಡುವ ವಿಭಾಗ) ಈ ಬಗ್ಗೆ ಒಂದು ಮೇಲ್ ಹಾಕಿಬಿಡಿ. ಲಂಡನ್ನಿನ ಯಾವ ಬರೋದಲ್ಲಿ (ತನ್ನದೇ ಕೌನ್ಸಿಲ್ ಇರುವ ಆಡಳಿತ ವಿಭಾಗ) ಮನೆ ಮಾಡಿದ್ದೀರಿ ತಿಳಿಸಿ, ಅಲ್ಲಿ ಕೌನ್ಸಿಲ್ ಕೆಲಸದಲ್ಲಿರುವ ನಮ್ಮವರು ಯಾರಾದರೂ ಇದ್ದರೆ ಪರಿಚಯ ಮಾಡಿಸುತ್ತೇನೆ.