ಡಿಪ್ಲೊಮಾ ಮುಗಿಸುತ್ತಿರುವ ಕನ್ನಡದ ಹುಡುಗನಿಗೆ ಯಾವ ಭಾಷೆ ಜಾಸ್ತಿ ಉಪಯೋಗ?

ನೀವು ಕೇಳಿದ್ದು ಇಷ್ಟು: ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆ ವರ್ಷ, ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಕೆಲಸಕ್ಕೆ ಸಾಕಾಗುವಷ್ಟು ಇದೆ, ಇನ್ನೊಂದು ಭಾಷೆ ಅಂತ ಕಲಿಯೋದಾದರೆ ಸ್ಪ್ಯಾನಿಷ್, ಜರ್ಮನ್, ಜಪಾನಿ ಇದರಲ್ಲಿ ಯಾವುದು? ನನ್ನ ಉತ್ತರ ಜಪಾನಿ. ನಾನು ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಜಪಾನಿ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಅದಕ್ಕೇ ಹೀಗೆ ಹೇಳ್ತಿದ್ದಾರೆ ಅಂತ ಅನ್ನಿಸಬಹುದು. ಕಾರಣ ಪೂರ್ತಿ ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ.

ಮೊದಲು ಒಂದು ಲೆಕ್ಕ ಬಿಡಿ. ಜಾಸ್ತಿ ಜನ ಆಡುವ ಭಾಷೆಯೇ ಜಾಸ್ತಿ ಉಪಯೋಗದ್ದು ಅನ್ನೋ ಲೆಕ್ಕ. ಸ್ಪ್ಯಾನಿಷ್ ಸುಮಾರು 20 ದೇಶಗಳಲ್ಲಿ ಇದೆ, ಸುಂದರವಾದ ಭಾಷೆ, ಆದರೆ ತುಮಕೂರಿನ ಸುತ್ತ ಕೆಲಸ ಮಾಡುವಾಗ ಅದರಲ್ಲಿ ನೀವು ಯಾರ ಜೊತೆ ಮಾತಾಡ್ತೀರಿ? ಜಪಾನಿನವರು ನಮ್ಮ ಪಕ್ಕದಲ್ಲೇ ಇದ್ದಾರೆ. ಬಿಡದಿಯಲ್ಲಿ ಟೊಯೋಟಾ, ಕೋಲಾರದ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ, ಅವಕ್ಕೆಲ್ಲ ಬಿಡಿಭಾಗ ಮಾಡಿಕೊಡುವ ಕಂಪನಿಗಳು ಬೇರೆ. ಕೈಜೆನ್ (ಸ್ವಲ್ಪ ಸ್ವಲ್ಪವಾಗಿ ಸುಧಾರಿಸುತ್ತಾ ಹೋಗೋದು), 5 ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿ ಇಡೋದು) ಅನ್ನೋ ಜಪಾನಿನ ಪದ್ಧತಿಗಳನ್ನು ನಿಮ್ಮ ಸಿಲಬಸ್‌ನಲ್ಲೇ ಓದಿರ್ತೀರಿ.

ಇನ್ನೊಂದು, ಈ "ಜಗತ್ತಿನ ಕಷ್ಟದ ಭಾಷೆಗಳು" ಪಟ್ಟಿ. ಜಪಾನಿಗೆ 2200 ಗಂಟೆ ಬೇಕು ಅಂತ ಎಲ್ಲ ಕಡೆ ಓಡಾಡುತ್ತದಲ್ಲ, ಅದು ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಗಳ ಅಧಿಕಾರಿಗಳಿಗೆ ತರಬೇತಿ ಕೊಡುವ ಸಂಸ್ಥೆಯ ಲೆಕ್ಕ. ಇಂಗ್ಲಿಷ್ ತಾಯಿನುಡಿಯವರಿಗೆ ಅಂತ ಹಾಕಿದ್ದು. ನಮ್ಮ ಹುಡುಗರು ಅದನ್ನು ನೋಡಿ ಹೆದರಿಕೊಂಡು ಹಿಂದೆ ಸರಿಯೋದು ನನಗೆ ನಿಜವಾಗಿ ಬೇಜಾರು. ಕನ್ನಡದವರ ಲೆಕ್ಕ ಬೇರೆ!

ಯಾಕೆ ಅಂತ ನೋಡಿ. "ನಿನ್ನೆ ಬಂದ ಮನುಷ್ಯ" ಅನ್ನೋದು ಜಪಾನಿಯಲ್ಲಿ "ಕಿನೋ ಕಿತ ಹಿತೊ". ಮೂರು ಪದ, ಅದೇ ಸಾಲು. ಇಂಗ್ಲಿಷ್‌ನಲ್ಲಿ ಮನುಷ್ಯ ಮೊದಲು ಬಂದು, ಆಮೇಲೆ ಯಾರು, ಯಾವಾಗ ಬಂದ ಅಂತ ಬಾಲ ಜೋಡಿಸಬೇಕು. "ತಿಂದು ನೋಡು" ಅಂತೀವಲ್ಲ, ಅಲ್ಲಿ ಕಣ್ಣಿಂದ ನೋಡೋದು ಏನೂ ಇಲ್ಲ, ಆದರೂ ನೋಡು ಅಂತೀವಿ. ಅವರೂ ಹಾಗೇ "ತಬೆತೆ ಮಿತೆ" ಅಂತಾರೆ, ತಬೆತೆ ಅಂದ್ರೆ ತಿಂದು, ಮಿತೆ ಅಂದ್ರೆ ನೋಡು. "ಮಾಡಿಬಿಟ್ಟೆ"ಯಲ್ಲಿ ಆ "ಬಿಟ್ಟೆ" ಮಾಡುವ ಕೆಲಸಕ್ಕೆ ಅವರಲ್ಲಿ "ಶಿಮತ್ತ" ಇದೆ. "ಬರ್ತೀನಿ ಅಂತ ಹೇಳಿದ" ಅನ್ನುವಾಗಿನ "ಅಂತ"ಕ್ಕೆ "ತೊ" ಇದೆ, ಅದೇ ಜಾಗದಲ್ಲಿ: "ಕುರು ತೊ ಇತ್ತ". ವಿಭಕ್ತಿಗಳು ನಾಮಪದ ಆದಮೇಲೆ, ಕ್ರಿಯಾಪದ ಕೊನೆಗೆ. ಎರಡೂ ಭಾಷೆಗಳ ಮೂಲ ಒಂದೇ ಅಂತ ನಾನು ಹೇಳ್ತಿಲ್ಲ. ಸುಸುಮು ಓನೊ ಅನ್ನೋ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದ್ದರು, ಹೆಚ್ಚಿನ ಭಾಷಾತಜ್ಞರು ಅದನ್ನು ಒಪ್ಪಲಿಲ್ಲ. ಕಲಿಯುವವರಿಗೆ ಅದು ಮುಖ್ಯವೂ ಅಲ್ಲ. ವಾಕ್ಯ ಕಟ್ಟುವ ರೀತಿ ನಿಮ್ಮ ಬಾಯಲ್ಲಿ ಆಗಲೇ ಇದೆ, ಅದು ಮುಖ್ಯ.

ಇದರ ಲಾಭ ನನಗೆ ದಿನಾ ಕಾಣುತ್ತದೆ. ಜಪಾನಿಯಿಂದ ಇಂಗ್ಲಿಷ್‌ಗೆ ಹೇಳುವಾಗ ಅವರು ಕ್ರಿಯಾಪದ ಹೇಳುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು, ಇಡೀ ವಾಕ್ಯ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕನ್ನಡಕ್ಕಾದರೆ ಅವರ ಹಿಂದೆ ಹಿಂದೆಯೇ ಹೇಳಿಕೊಂಡು ಹೋಗಬಹುದು. ಪ್ರೆಸ್ ಮಷೀನಿನ ಮುಂದೆ ನಿಂತ ಜಪಾನಿ ಎಂಜಿನಿಯರ್ ಕಿವಿಗೊಟ್ಟು "ಒತೊ ಗ ಹೆನ್ ದೆಸು" ಅಂದರೆ, "ಸದ್ದು ಯಾಕೋ ಸರಿಯಿಲ್ಲ" ಅಂತ ಆಪರೇಟರ್‌ಗೆ ತಕ್ಷಣ ಮುಟ್ಟುತ್ತದೆ. ಆಪರೇಟರ್ ಅದಕ್ಕೆ ಬೆಳಗ್ಗೆಯಿಂದ ತಾನು ಗಮನಿಸಿದ್ದನ್ನೆಲ್ಲ ಕನ್ನಡದಲ್ಲಿ ಬಿಚ್ಚಿ ಹೇಳುತ್ತಾನೆ. ಮೀಟಿಂಗ್ ರೂಮಿನ ಇಂಗ್ಲಿಷ್‌ನಲ್ಲಿ ಇದೇ ಇಬ್ಬರೂ ಸುಮ್ನೆ ಕೂತಿರುತ್ತಾರೆ. ಮಷೀನು ಗೊತ್ತಿರುವ, ಕನ್ನಡವೂ ಜಪಾನಿಯೂ ಬರುವ ಒಬ್ಬ ಹುಡುಗ ಆ ಜಾಗದಲ್ಲಿ ಎಷ್ಟು ಬೇಕಾಗುತ್ತಾನೆ ಅಂತ ನೋಡಿದವರಿಗೇ ಗೊತ್ತು.

ಅಕ್ಷರಮಾಲೆಯೂ ಅಷ್ಟು ಪರಕೀಯವಲ್ಲ. ಉಚ್ಚಾರದಂತೆ ಬರೆಯುವ ಎರಡು ಲಿಪಿ ಇವೆ: ಹಿರಗಾನ 46 ಅಕ್ಷರ, ಕತಕಾನ 46. ಸಾಲು ಹೋಗೋದು ಕ, ಸ, ತ, ನ, ಹ, ಮ, ಯ, ರ, ವ ಅಂತ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ, ಸಂಸ್ಕೃತ ಬರೆಯಲು ಬಳಸುತ್ತಿದ್ದ ಸಿದ್ಧಂ ಲಿಪಿಯ ವರ್ಣಮಾಲೆಯ ಪ್ರಭಾವ ಅದು. ಹ್ರಸ್ವ ದೀರ್ಘ, ಒತ್ತಕ್ಷರ ಎಲ್ಲ ಅಲ್ಲಿ ಅರ್ಥ ಬದಲಿಸುತ್ತವೆ. "ಕಿತೆ" ಅಂದ್ರೆ ಬಾ, "ಕಿತ್ತೆ" ಅಂದ್ರೆ ಅಂಚೆ ಚೀಟಿ. ಹಳಿಗೂ ಹಳ್ಳಿಗೂ ವ್ಯತ್ಯಾಸ ಕೇಳುವ ಕಿವಿಗೆ ಇದೇನು ಕಷ್ಟ?

ಕಷ್ಟ ಇರೋದು ಕಾಂಜಿಯಲ್ಲಿ, ಅಂದ್ರೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಗಳಲ್ಲಿ. ಜಪಾನ್ ಸರ್ಕಾರದ ದಿನಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ, ಬಹಳಷ್ಟಕ್ಕೆ ಎರಡು ಮೂರು ಉಚ್ಚಾರ. "ಮನುಷ್ಯ" ಅನ್ನೋ ಎರಡೇ ಗೆರೆಯ ಕಾಂಜಿಯನ್ನು ಒಂದು ಕಡೆ ಹಿತೊ, ಇನ್ನೊಂದು ಕಡೆ ಜಿನ್, ಮತ್ತೊಂದು ಕಡೆ ನಿನ್ ಅಂತ ಓದಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ದಿನಾ ಕೈಯಲ್ಲಿ ಬರೆಯಬೇಕು, ವರ್ಷಗಟ್ಟಲೆ. ಈ ತಾಳ್ಮೆ ನಿಮಗೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಜಪಾನಿಗೇ ಹೋಗುವ ಆಸೆ ಇದ್ದರೆ 2019ರ ಏಪ್ರಿಲ್‌ನಿಂದ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಬೇರೆ ವೀಸಾ ಇದೆ. ಅದಕ್ಕೆ ಸಾಮಾನ್ಯವಾಗಿ ಜಪಾನಿ ಭಾಷಾ ಪರೀಕ್ಷೆಯಲ್ಲಿ ಎನ್4 (ಕೆಳಗಿನಿಂದ ಎರಡನೆಯ ಮಟ್ಟ) ಅಥವಾ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ, ಜೊತೆಗೆ ಆಯಾ ಕೆಲಸದ ಕೌಶಲ ಪರೀಕ್ಷೆ ಪಾಸಾಗಬೇಕು. ಮೊದಲ ಹಂತದಲ್ಲಿ ಒಟ್ಟು 5 ವರ್ಷ, ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಮಾಡಿಕೊಂಡ ಯೋಜನೆಯಲ್ಲಿ 5 ವರ್ಷದಲ್ಲಿ ಭಾರತದಿಂದ 50,000 ಕುಶಲ ಕೆಲಸಗಾರರನ್ನು ಕರೆಸಿಕೊಳ್ಳುವ ಗುರಿ ಇದೆ. ಭಾಷೆ ಬೇಡ, ಲಕ್ಷ ಕೊಟ್ಟರೆ ಈ ವೀಸಾ ಮಾಡಿಸಿಕೊಡ್ತೀನಿ ಅನ್ನುವ ಏಜೆಂಟ್ ಸಿಕ್ಕರೆ ಅವನ ಹತ್ತಿರ ಒಂದು ರೂಪಾಯಿಯನ್ನೂ ಕಳೆದುಕೊಳ್ಳಬೇಡಿ.

ನಿಮ್ಮ ತಂಗಿ ನರ್ಸಿಂಗ್ ಓದುತ್ತಿದ್ದಾಳೆ ಅಂತಲೂ ಬರೆದಿದ್ದೀರಿ. ಅವಳಿಗೆ ನಾನು ಜರ್ಮನ್ ಹೇಳುತ್ತೇನೆ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಭಾಷೆಯಲ್ಲಿ ಬಿ2 ಮಟ್ಟ (ಆರು ಮಟ್ಟಗಳಲ್ಲಿ ನಾಲ್ಕನೆಯದು) ಬೇಕು, ದಾರಿ ಸ್ಪಷ್ಟವಾಗಿದೆ. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಉತ್ತರ, ಅದರಲ್ಲಿ ತಪ್ಪೇನಿಲ್ಲ.

ಮೇಲೆ ಹೇಳಿದ ಜಪಾನಿ ಭಾಷಾ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಎನ್5ರಿಂದ ಎನ್1ರವರೆಗೆ ಐದು ಮಟ್ಟ. ಎನ್5 ಬರೀ ಆರಂಭ, ನನ್ನ ಪ್ರಕಾರ ಎನ್3 ಬಂದ ಮೇಲೆ ಕಾರ್ಖಾನೆಯಲ್ಲಿ ನಿಮಗೆ ಬೆಲೆ. ಒಂದು ವಿಷಯ ಗಮನಿಸಿ: ಆ ಪರೀಕ್ಷೆಯಲ್ಲಿ ಮಾತಾಡಿಸುವ ಭಾಗವೇ ಇಲ್ಲ, ಎಲ್ಲ ಓದುವುದು ಮತ್ತು ಕೇಳುವುದು. ಹಾಗಾಗಿ ಸರ್ಟಿಫಿಕೇಟ್ ಇದ್ದೂ ಬಾಯಿ ಬಿಡಲಾಗದವರು ಬೇಕಾದಷ್ಟು ಜನ ಇದ್ದಾರೆ. ಕ್ಲಾಸಿಗೆ ಸೇರುವ ಮೊದಲು ವಾರಕ್ಕೆ ಎಷ್ಟು ಹೊತ್ತು ಮಾತಾಡಿಸ್ತೀರಿ ಅಂತ ಕೇಳಿ, ಸರಿಯಾದ ಉತ್ತರ ಬರದಿದ್ದರೆ ಬೇರೆ ಕ್ಲಾಸ್ ಹುಡುಕಿ. ಕಲಿಸುವವರಿಗೆ ಕನ್ನಡ ಬರುತ್ತಿದ್ದರಂತೂ ಬಿಡಲೇಬೇಡಿ, ಇಂಗ್ಲಿಷ್ ಮೂಲಕ ಸುತ್ತು ಹಾಕುವುದು ತಪ್ಪುತ್ತದೆ.