ಬೀರುವಿನಲ್ಲಿ ಬ್ರಾಂದಿ ಮಾಗುವುದಿಲ್ಲ

ನಮಸ್ಕಾರ,

ಫ್ರಾನ್ಸಿನ ಕೊನ್ಯಾಕ್ ಬ್ರಾಂದಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಚೆನ್ನಾಗಿದೆ. ಆದರೆ ಎರಡು ವಾಕ್ಯ ನನ್ನನ್ನು ನಿನ್ನೆಯಿಂದ ಕಾಡುತ್ತಿವೆ.

'ಜೇನಿನಂಥ ದ್ರಾಕ್ಷಿಯ ಸಿಹಿಯೆಲ್ಲ ಬ್ರಾಂದಿಗೆ ಇಳಿಯುತ್ತದೆ' ಅಂದಿದ್ದೀರಿ. ಯಾವ ಸಿಹಿ? ಅಲ್ಲಿ ಬೆಳೆಯುವುದು ಬಹುಪಾಲು ಉನಿ ಬ್ಲಾಂ ದ್ರಾಕ್ಷಿ. ಅದರ ವೈನ್ ಹುಳಿ, ತೆಳು. ಆಲ್ಕೋಹಾಲ್ ಶೇ. 9ರ ಆಸುಪಾಸು. ಭಟ್ಟಿಗೆ ಅದೇ ಬೇಕು. ಗಂಧಕ ಹಾಕದ ವೈನನ್ನು ಕೆಡದಂತೆ ಕಾಯುವುದು ಆ ಹುಳಿಯೇ. ಸಕ್ಕರೆ ಹುದುಗುವಾಗಲೇ ಮುಗಿದಿರುತ್ತದೆ. ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಎರಡನೇ ಸಲ ಮೊದಲು ಬಂದದ್ದನ್ನೂ ಕೊನೆಗೆ ಬಂದದ್ದನ್ನೂ ಬೇರೆ ತೆಗೆದು, ನಡುವಿನದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಶೇ. 70ರ ಸುಮಾರಿನ ಅದು ನೀರಿನಷ್ಟು ತಿಳಿ. ಇದನ್ನೆಲ್ಲ ನೀವು 'ಮಾಂತ್ರಿಕ ಪ್ರಕ್ರಿಯೆ' ಎಂದು ಎರಡೇ ಪದದಲ್ಲಿ ಮುಗಿಸಿದ್ದೀರಿ.

ಇನ್ನೊಂದು, 'ಮಾವನ ಬೀರುವಿನಲ್ಲಿ 30 ವರ್ಷದಿಂದ ಮಾಗುತ್ತಿರುವ ಬಾಟಲಿ'. ಬಾಟಲಿಯಲ್ಲಿ ಬ್ರಾಂದಿ ಮಾಗುವುದಿಲ್ಲ. ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಬಣ್ಣ, ಒಗರು, ವೆನಿಲ್ಲಾದ ಘಮ ಬರುವುದು ಮರದಿಂದ. ಮರದ ಮೂಲಕ ಗಾಳಿ ಒಳಗೆ ಬರುತ್ತದೆ, ಆವಿ ಹೊರಗೆ ಹೋಗುತ್ತದೆ. ವರ್ಷಕ್ಕೆ ಶೇ. 2ರಷ್ಟು ಹೀಗೆ ಹೋಗುವುದನ್ನು ಅವರು 'ದೇವದೂತರ ಪಾಲು' ಅನ್ನುತ್ತಾರೆ. ಆ ಆವಿಯಿಂದಲೇ ಬದುಕುವ ಕಪ್ಪು ಬೂಷ್ಟು ಗೋದಾಮಿನ ಗೋಡೆ, ಹೆಂಚುಗಳಿಗೆ ಮಸಿಯ ಹಾಗೆ ಹತ್ತಿಕೊಂಡಿರುತ್ತದೆ. ಇಂಥದ್ದನ್ನು ಬಿಟ್ಟು 'ಕಾಲದ ಮಹಿಮೆ' ಯಾಕೆ? ತೀರಾ ಹಳೆಯದನ್ನು, ಇನ್ನು ಮಾಗುವುದು ಬೇಡ ಎಂದೇ ದೊಡ್ಡ ಗಾಜಿನ ಬುಡ್ಡಿಗಳಿಗೆ ತುಂಬಿಡುತ್ತಾರೆ. ನಿಮ್ಮ ಮಾವನ ಬಾಟಲಿಗೆ ಬೀರು ಸೇರಿದ ದಿನ ಎಷ್ಟು ವಯಸ್ಸೋ ಇಂದಿಗೂ ಅಷ್ಟೇ.

ನನಗೆ 22 ಇದ್ದಾಗ ಆಲೆಮನೆ ಬಗ್ಗೆ ಬರೆದಿದ್ದೆ. 'ಬೆಲ್ಲದ ಘಮ ಮನಸೂರೆಗೊಂಡಿತು' ಅಂತ. ನಮ್ಮ ಸಂಪಾದಕರು ಕನ್ನಡಕ ತೆಗೆದಿಟ್ಟು ಕೇಳಿದರು: "ಪಾಕ ಹದಕ್ಕೆ ಬಂತು ಅಂತ ಬೆಲ್ಲ ಮಾಡುವವನಿಗೆ ಹೇಗಪ್ಪಾ ಗೊತ್ತಾಯ್ತು?" ನಾನು ಅಲ್ಲೇ ನಿಂತು ಎಲ್ಲ ನೋಡಿದ್ದೆ, ಇದೊಂದನ್ನು ಕೇಳಿರಲಿಲ್ಲ. ಮಾರನೇ ದಿನ ಮತ್ತೆ ಮಂಡ್ಯದ ಬಸ್ ಹತ್ತಿದೆ. ಆತ ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನನ್ನ ಅಂಗೈಗೆ ಹಾಕಿದ. ಇನ್ನೂ ಬೆಚ್ಚಗಿತ್ತು. ಆ ಉಂಡೆಯಿಂದಲೇ ಲೇಖನ ಶುರು ಮಾಡಿದೆ, ಅಚ್ಚಾಯಿತು.

ಮಾವನ ಬಾಟಲಿ ಲೇಖನದಲ್ಲಿ ಇರಲಿ, ನನಗೆ ಅದು ಇಷ್ಟವಾಯಿತು. ಅದರ ಮೇಲಿನ ಚೀಟಿ ನೋಡಿ. ಎಕ್ಸ್‌ಒ (ಎಕ್ಸ್‌ಟ್ರಾ ಓಲ್ಡ್, ಅಂದರೆ ತುಂಬ ಹಳೆಯದು) ಅಂತ ಇದ್ದರೆ, ಅದು ಪೀಪಾಯಿಯಲ್ಲಿ ಕನಿಷ್ಠ 10 ವರ್ಷ ಇರಬೇಕೆಂಬ ನಿಯಮ ಬಂದದ್ದು 2018ರಲ್ಲಿ, ಅದಕ್ಕೂ ಮೊದಲು 6 ವರ್ಷ ಸಾಕಿತ್ತು. ಅಲ್ಲಿಂದ ಬರೆದು ಕಳಿಸಿ, ಕಾಯುತ್ತಿರುತ್ತೇನೆ.