ಕತ್ತಿಗಿಂತ ಮೊದಲು ಎದುರಾಳಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸೇಬರ್ ಕತ್ತಿವರಸೆಯ ಪಂದ್ಯದಲ್ಲಿ ಅನೇಕ ಸಲ ಇಬ್ಬರ ಕಡೆಯ ದೀಪಗಳೂ ಹೊತ್ತಿಕೊಳ್ಳುತ್ತವೆ. ಆದರೂ ಅಂಕ ಮಾತ್ರ ಒಬ್ಬರಿಗೇ ಹೋಗುತ್ತದೆ. ಏಕೆ?
ಪದವಿ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಸೇಬರ್‌ನಲ್ಲಿ ಕತ್ತಿಯ ಅಲಗಾಗಲಿ ಮೊನೆಯಾಗಲಿ ಎದುರಾಳಿಯ ಸೊಂಟದಿಂದ ಮೇಲೆ, ಅಂದರೆ ಮುಂಡಕ್ಕೋ ತೋಳಿಗೋ ತಲೆಗೋ ತಾಗಿದರೆ ಅದು ಹೊಡೆತವೆನಿಸುತ್ತದೆ. ಲೋಹದ ಎಳೆಗಳಿಂದ ನೇಯ್ದ ಮೇಲಂಗಿಗೆ ಕತ್ತಿ ತಗುಲಿದೊಡನೆ ದೀಪ ಹೊತ್ತುತ್ತದೆ. ಒಬ್ಬರ ಹೊಡೆತ ದಾಖಲಾದ ನಂತರ ಸೆಕೆಂಡಿನ ಸಾವಿರದಲ್ಲಿ 170 ಭಾಗದಷ್ಟು ಕಾಲದೊಳಗೆ ಎದುರಿನವರ ಹೊಡೆತವೂ ತಾಗಿದರೆ ಯಂತ್ರ ಅದನ್ನೂ ದಾಖಲಿಸುತ್ತದೆ. ಆಗ ಆಕ್ರಮಣವನ್ನು ಮೊದಲು ಆರಂಭಿಸಿದವರು ಯಾರು, ಅದನ್ನು ಎದುರಾಳಿ ತನ್ನ ಕತ್ತಿಯಿಂದ ತಡೆದು ತಿರುಗಿ ಹೊಡೆದರೇ ಎಂಬುದನ್ನು ನೋಡಿ ರೆಫರಿ ಅಂಕ ಕೊಡುತ್ತಾರೆ. ತಡೆದವರಿಗೆ ಹೊಡೆಯುವ ಹಕ್ಕು ದಾಟುತ್ತದೆ. ಇಬ್ಬರೂ ಏಕಕಾಲಕ್ಕೆ ಆಕ್ರಮಿಸಿದ್ದರೆ ಯಾರಿಗೂ ಅಂಕವಿಲ್ಲ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಚಿಕ್ಕದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಿದ್ದೇನೆ. ಏಳನೇ ತರಗತಿಯ ಮಗಳು ಭಾರತದ ಸೇಬರ್ ಆಟಗಾರ್ತಿ ಭವಾನಿ ದೇವಿಯವರ ಪಂದ್ಯಗಳ ವಿಡಿಯೊ ನೋಡಿ, ತನಗೂ ಸೇಬರ್ ಕತ್ತಿ ಕೊಡಿಸಬೇಕೆಂದು ಆರು ತಿಂಗಳಿನಿಂದ ಹಟ ಹಿಡಿದಿದ್ದಾಳೆ. ನಮ್ಮಂಥ ಊರಿನ ಮಗು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಲು ಸಾಧ್ಯವೇ? ಕತ್ತಿ ಕೊಡಿಸಲೇ?
ಒಬ್ಬ ತಂದೆ, ಶಿಡ್ಲಘಟ್ಟ

ಉತ್ತರ: ಕತ್ತಿಯನ್ನು ಈಗಲೇ ಕೊಡಿಸಬೇಡಿ. ಮಗಳ ಆಸೆ ದೊಡ್ಡದಾಯಿತೆಂದು ನಾನು ಹೀಗೆ ಹೇಳುತ್ತಿಲ್ಲ. ಈ ಆಟವನ್ನು ಒಬ್ಬಳೇ ಕುಳಿತು ಕಲಿಯಲು ಬರುವುದಿಲ್ಲ. ಓಟಗಾರ್ತಿ ಗಡಿಯಾರದ ಎದುರು ಓಡಿ ಬೆಳೆಯಬಹುದು, ಆದರೆ ಸೇಬರ್ ಆಡುವವಳು ತನಗಿಂತ ಚುರುಕಾದ ಇನ್ನೊಬ್ಬಳ ಎದುರು ನಿಂತು, ಸೋತು, ಮತ್ತೆ ನಿಂತೇ ಬೆಳೆಯಬೇಕು. ಚಿಂತಾಮಣಿಯ ಓದುಗರಿಗೆ ಮೇಲೆ ವಿವರಿಸಿದ ಆ ಹೊಡೆಯುವ ಹಕ್ಕನ್ನು ಗಳಿಸಲು ಯಾವಾಗ ಮುನ್ನುಗ್ಗಬೇಕು, ಯಾವಾಗ ಹಿಮ್ಮೆಟ್ಟಿ ಎದುರಾಳಿಯನ್ನು ಎಳೆದುಕೊಳ್ಳಬೇಕು ಎಂಬ ತಿಳಿವಳಿಕೆ ಎದುರಾಳಿಯ ಕಾಲು ಮತ್ತು ಭುಜವನ್ನು ಸಾವಿರಾರು ಸಲ ನೋಡಿದವರಿಗೆ ಮಾತ್ರ ಬರುತ್ತದೆ.

ನಿಮ್ಮ ಮಗಳು ಮೆಚ್ಚಿದ ಭವಾನಿ ದೇವಿಯವರ ವೃತ್ತಿಜೀವನವನ್ನೇ ನೋಡಿ. 1993ರಲ್ಲಿ ಚೆನ್ನೈನಲ್ಲಿ ಹುಟ್ಟಿದ ಅವರು 2004ರಲ್ಲಿ, ಹೆಚ್ಚುಕಡಿಮೆ ನಿಮ್ಮ ಮಗಳ ವಯಸ್ಸಿಗೇ, ಶಾಲೆಯಲ್ಲಿ ಕತ್ತಿವರಸೆ ಆರಂಭಿಸಿದರು. ಆಗ ಅಭ್ಯಾಸಕ್ಕೆ ಸಿಗುತ್ತಿದ್ದದ್ದು ಬಿದಿರಿನ ಕೋಲು. ನಿಜವಾದ ಕತ್ತಿಯನ್ನು ಸ್ಪರ್ಧೆಗೆಂದು ಎತ್ತಿಡಬೇಕಾಗಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಟರ್ಕಿಯಲ್ಲಿ ನಡೆದ ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಅವರು ಮೂರು ನಿಮಿಷ ತಡವಾಗಿ ಬಂದರು. ರೆಫರಿ ಕಪ್ಪು ಕಾರ್ಡ್ ತೋರಿಸಿ ಸ್ಪರ್ಧೆಯಿಂದಲೇ ಹೊರಹಾಕಿದರು. ಅಷ್ಟು ದೂರ ಹೋಗಿ ಒಂದು ಹೊಡೆತವನ್ನೂ ಹೊಡೆಯದೆ ಹಿಂದಿರುಗಿದ ಆ ಹುಡುಗಿಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಮುಂದೆ ಅವರು ಕೇರಳದ ತಲಶ್ಶೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಸೇರಿ ಸಾಗರ್ ಲಾಗು ಅವರ ಬಳಿ ಪಳಗಿದರು. ಅನಂತರ ಇಟಲಿಯ ಲಿವೊರ್ನೊದಲ್ಲಿ ನಿಕೋಲಾ ಝನೋಟಿ ಅವರ ಶಿಷ್ಯೆಯಾದರು. ಚೆನ್ನೈ, ತಲಶ್ಶೇರಿ, ಲಿವೊರ್ನೊ: ಪ್ರತಿ ಸಲ ಊರು ಬಿಟ್ಟದ್ದು ಒಳ್ಳೆಯ ಗುರುವಿಗಾಗಿ ಹೇಗೋ, ದಿನವೂ ಎದುರಿಗೆ ನಿಲ್ಲಬಲ್ಲ ಬಲವಾದ ಕೈಗಳಿಗಾಗಿಯೂ ಹಾಗೆಯೇ ಎಂದು ನಾನು ತಿಳಿಯುತ್ತೇನೆ. ಇದಕ್ಕೆಲ್ಲ ಹಣ ಬೇಕು. 2015ರಲ್ಲಿ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ರಾಹುಲ್ ದ್ರಾವಿಡ್ ಅವರ ಹೆಸರಿನ ಮಾರ್ಗದರ್ಶನ ಕಾರ್ಯಕ್ರಮಕ್ಕೆ ಅವರನ್ನು ಆರಿಸಿಕೊಂಡದ್ದು ದೊಡ್ಡ ಆಸರೆಯಾಯಿತು. 2017ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್‌ನ ಸ್ಪರ್ಧೆಯಲ್ಲಿ, 2018ರಲ್ಲಿ ಕ್ಯಾನ್‌ಬೆರಾದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಬಂತು.

ರಿಯೊ ಒಲಿಂಪಿಕ್ಸ್‌ಗೆ ಅವರಿಗೆ ಅರ್ಹತೆ ಸಿಗಲಿಲ್ಲ. ಟೋಕಿಯೊಗೆ ಸಿಕ್ಕಿತು, ಅದೂ ಏಷ್ಯಾ ಮತ್ತು ಓಷಿಯಾನಿಯಾ ವಲಯದ ರ‍್ಯಾಂಕಿಂಗ್ ಆಧಾರದ ಮೇಲೆ. ಹಾಗೆ ಒಲಿಂಪಿಕ್ಸ್ ತಲುಪಿದ ಮೊದಲ ಭಾರತೀಯ ಕತ್ತಿವರಸೆಪಟು ಅವರು. 2021ರ ಜುಲೈ 26ರಂದು ಟ್ಯುನೀಷಿಯಾದ ನಾದಿಯಾ ಬೆನ್ ಅಝೀಝಿ ಅವರನ್ನು 15–3ರಿಂದ ಸೋಲಿಸಿದ ಅವರು, ಮುಂದಿನ ಪಂದ್ಯದಲ್ಲಿ ಫ್ರಾನ್ಸಿನ ಮನೋನ್ ಬ್ರೂನೆ ಅವರಿಗೆ 7–15ರಿಂದ ಸೋತರು. ಸೋತದ್ದಕ್ಕೆ ದೇಶದ ಜನರ ಕ್ಷಮೆಯನ್ನೂ ಕೋರಿದರು. ಕೋರಬೇಕಾಗಿರಲಿಲ್ಲ. ಅವರನ್ನು ಸೋಲಿಸಿದ ಬ್ರೂನೆ ಅಲ್ಲಿ ಕಂಚು ಗೆದ್ದರು, 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನವನ್ನೇ ಗೆದ್ದರು.

ನಿಮ್ಮ ಮಗಳಿಗೆ ತೋರಿಸಬೇಕಾದದ್ದು 2023ರಲ್ಲಿ ಚೀನಾದ ವುಷಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಕ್ವಾರ್ಟರ್‌ಫೈನಲ್. ಎದುರಿಗಿದ್ದವರು ಜಪಾನಿನ ಮಿಸಾಕಿ ಎಮುರಾ, ವಿಶ್ವ ಚಾಂಪಿಯನ್. ಅದುವರೆಗೆ ಎಮುರಾ ಎದುರು ಭವಾನಿ ಗೆದ್ದಿರಲಿಲ್ಲ. ಅಂದು 15–10ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಆಟಗಾರ್ತಿಗೆ 14–15ರಿಂದ, ಒಂದೇ ಒಂದು ಹೊಡೆತದಿಂದ, ಸೋತರೂ ಕಂಚು ಕೈಸೇರಿತು. ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆದರೆ ಮರುವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅವರಿಗೆ ಅರ್ಹತೆ ದೊರೆಯಲಿಲ್ಲ. ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ಒಂದು ಒಲಿಂಪಿಕ್ಸ್ ಎಂಬ ಈ ಲೆಕ್ಕವನ್ನು ತಂದೆಯಾದ ನೀವು ಕಣ್ತೆರೆದು ನೋಡಬೇಕು. ವಿಶ್ವಕಪ್ ಮತ್ತು ಗ್ರಾನ್ ಪ್ರಿ ಸ್ಪರ್ಧೆಗಳಲ್ಲಿ ಗಳಿಸಿದ ಅಂಕಗಳಿಂದ ರ‍್ಯಾಂಕಿಂಗ್ ಏರುವುದರಿಂದ, ದೇಶದೇಶ ಸುತ್ತುವ ಖರ್ಚು ತಪ್ಪಿದ್ದಲ್ಲ.

ಈಗ ನಿಮ್ಮ ಮನೆಯ ಮಾತು. ಕತ್ತಿ ಇಲ್ಲದೆಯೂ ಮಗಳು ಕಲಿಯಬಹುದಾದದ್ದು ಕಾಲಿನ ಕೆಲಸ, ಸೇಬರ್‌ನಲ್ಲಿ ಅರ್ಧ ಆಟ ಅದೇ. ಘಟಕದ ಅಂಗಳದಲ್ಲಿ ಸೀಮೆಸುಣ್ಣದಿಂದ 4 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಇಬ್ಬರು ಎದುರುಬದುರಾಗಿ ನಿಲ್ಲುವ ಗೆರೆಗಳು ಅವು. ಪೂರ್ತಿ ಅಂಕಣದ ಉದ್ದ 14 ಮೀಟರ್. ಮೊಣಕಾಲು ಬಾಗಿಸಿ, ಬಲಗೈಯವಳಾದರೆ ಬಲಪಾದವನ್ನು ಮುಂದಿಟ್ಟು, ಪಾದಗಳು ಒಂದನ್ನೊಂದು ದಾಟದಂತೆ ಮುಂದಕ್ಕೂ ಹಿಂದಕ್ಕೂ ಸರಿಯುವುದನ್ನು ದಿನಕ್ಕೆ ಕಾಲು ಗಂಟೆ ಅಭ್ಯಾಸ ಮಾಡಲಿ. ಮುನ್ನುಗ್ಗುವಾಗ ಹಿಂದಿನ ಪಾದ ಮುಂದಿನದನ್ನು ದಾಟಿದರೆ ಸೇಬರ್‌ನಲ್ಲಿ ಅದು ತಪ್ಪು. ಉಡುಪಿಗೂ ಈಗಲೇ ಹಣ ಸುರಿಯಬೇಡಿ. ಅಂತರರಾಷ್ಟ್ರೀಯ ಪಂದ್ಯದಲ್ಲಿ 800 ನ್ಯೂಟನ್ ಒತ್ತಡ ತಡೆಯುವ ಅಂಗಿ ಕಡ್ಡಾಯ, ಆದರೆ ಬೆಳೆಯುವ ಮಗುವಿಗೆ ಅದು ಬೇಗನೆ ಚಿಕ್ಕದಾಗುತ್ತದೆ. ಮೊದಮೊದಲಿಗೆ ಕ್ಲಬ್‌ನ ಉಡುಪನ್ನೇ ಕೇಳಿ ಪಡೆಯುವುದು ಮೇಲು.

ಕತ್ತಿವರಸೆ ಕಲಿಸುವ ಕ್ಲಬ್‌ಗಳು ಬೆಂಗಳೂರಿನಲ್ಲಿವೆ. ಬಸ್ಸಿನಲ್ಲಿ ಹೋಗಿ ಬರಲು ನಿಮಗೆ ಅರ್ಧ ದಿನವೇ ಹಿಡಿಯುತ್ತದೆ, ದಿನವೂ ಹೋಗುವುದು ಆಗದ ಮಾತು. ಆದರೆ ಒಂದು ಭಾನುವಾರ ಅವಳನ್ನು ಕರೆದೊಯ್ಯಿರಿ. ಮೊದಲು ಫೋನ್ ಮಾಡಿ, ಅಲ್ಲಿ ಸೇಬರ್ ಆಡುವ ಅವಳ ವಯಸ್ಸಿನ ಹುಡುಗಿಯರು ಇದ್ದಾರೆಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಕತ್ತಿವರಸೆಯ ಉಳಿದೆರಡು ಬಗೆಗಳಾದ ಫಾಯಿಲ್ ಮತ್ತು ಎಪೇಗಳಿಗೆ ಬೇರೆಯೇ ಕತ್ತಿಗಳು. ಅಲ್ಲಿನ ಒಬ್ಬ ಹುಡುಗಿಯ ಎದುರು ಐದು ಹೊಡೆತಗಳ ಒಂದು ಪಂದ್ಯ ಆಡಲಿ. 0–5ರಿಂದ ಸೋಲುವುದು ಬಹುತೇಕ ಖಚಿತ. ಹಿಂದಿರುಗುವ ಬಸ್ಸಿನಲ್ಲಿ ಅವಳೇ ಮುಂದಿನ ಭಾನುವಾರದ ಮಾತೆತ್ತಿದರೆ ನನಗೆ ಮತ್ತೊಂದು ಪತ್ರ ಬರೆಯಿರಿ, ಯಾವ ಅಳತೆಯ ಕತ್ತಿ ಮತ್ತು ಮುಖವಾಡ ಬೇಕೆಂಬುದನ್ನು ಆಗ ವಿವರವಾಗಿ ತಿಳಿಸುತ್ತೇನೆ.